ಕೆರೆಯಾದ ಕಡಲು, ಕಡಲಾದ ಕೆರೆ

ಹರಿಕಥೆ, ಪುರಾಣಗಳನ್ನು ಕೇಳಿ ಬೆಳೆದವರಿಗೆ ಸಪ್ತಸಮುದ್ರಗಳ ಹೆಸರು ಹೊಸದಲ್ಲ. ಲವಣ, ಇಕ್ಷು, ಸುರಾ, ಘೃತ, ದಧಿ, ಕ್ಷೀರ, ಸ್ವಾದೂದಕ ಎಂದು ಏಳು. ಮೊದಲನೆಯದು ಉಪ್ಪುನೀರಿನ ಕಡಲು. ಕಡೆಯದು ಸಿಹಿನೀರಿನ ಕಡಲು. ಇವೆರಡರ ನಡುವೆ ಕಬ್ಬಿನ ರಸ, ಮದ್ಯ, ತುಪ್ಪ, ಮೊಸರು, ಹಾಲುಗಳ ಐದು ಕಡಲುಗಳು ಅಡ್ಡಲಾಗಿವೆ. ಒಂದೇ ಕಡಲು ಒಂದು ಕಾಲಕ್ಕೆ ಸಿಹಿಯಾಗಿ, ಮತ್ತೊಂದು ಕಾಲಕ್ಕೆ ಉಪ್ಪಾಗಿ, ತಿರುಗಿ ಸಿಹಿಯಾಗಿ, ತಿರುಗಿ ಉಪ್ಪಾಯಿತೆಂಬ ಮಾತನ್ನು ಮಾತ್ರ ಆ ಕಥೆಗಳಲ್ಲಿ ನಾನು ಕೇಳಿದವನಲ್ಲ.

ನಮ್ಮ ನಾಡಿನಲ್ಲಿ ಕೆರೆಯನ್ನೂ ಸಮುದ್ರವೆಂದೇ ಕರೆಯುವ ರೂಢಿಯುಂಟು. ವ್ಯಾಸಸಮುದ್ರ, ಭೀಮಸಮುದ್ರ, ಶಾಂತಿಸಾಗರ ಮೊದಲಾದ ಹೆಸರುಗಳನ್ನು ತಾವೆಲ್ಲರೂ ಕೇಳಿದ್ದೀರಿ. ಇದು ಅತಿಶಯೋಕ್ತಿ ಎಂದು ನಾವು ತರಗತಿಯಲ್ಲಿ ಹುಡುಗರಿಗೆ ಹೇಳಿಕೊಡುತ್ತೇವೆ. ಆದರೆ ಉತ್ತರ ಯೂರೋಪಿನಲ್ಲಿ ಸ್ವೀಡನ್, ಫಿನ್ಲೆಂಡ್ ದೇಶಗಳ ನಡುವೆ ಹಬ್ಬಿರುವ ಬಾಲ್ಟಿಕ್ ಸಮುದ್ರದ ವಿಷಯದಲ್ಲಿ ಅದು ಅಲಂಕಾರವಲ್ಲ, ಚರಿತ್ರೆ. ಅದು ಎರಡು ಸಲ ಕೆರೆಯಾಗಿ, ಎರಡು ಸಲ ಕಡಲಾದ ಜಲರಾಶಿ. ಹಿಮಯುಗವು ಮುಗಿಯುತ್ತಿದ್ದ ಕಾಲದಲ್ಲಿ ನಡೆದ ಈ ಸಂಗತಿಯನ್ನು ಕಂಡು ಬರೆದಿಟ್ಟವರು ಯಾರೂ ಇಲ್ಲ. ಆಗ ಬರೆಹವೆಂಬುದೇ ಇರಲಿಲ್ಲ. ಹಾಗಾದರೆ ಆ ನೀರಿನ ರುಚಿ ನಮಗೆ ತಿಳಿದದ್ದು ಹೇಗೆ?

ನಮ್ಮ ಊರುಗಳಲ್ಲಿ ನೀರನ್ನು ಪರೀಕ್ಷಿಸುವುದಕ್ಕೆ ಒಂದು ಹಳೆಯ ಕ್ರಮವಿದೆ. “ಆ ಬಾವಿಯ ನೀರಿನಲ್ಲಿ ಬೇಳೆ ಬೇಯುವುದಿಲ್ಲ” ಎಂದು ಮನೆಯ ಹೆಂಗಸರು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟುಬಿಡುತ್ತಾರೆ. ಅವರು ನೀರನ್ನು ಪ್ರಯೋಗಶಾಲೆಗೆ ಕಳುಹಿಸಿದವರಲ್ಲ. ನೀರಿನ ಗುಣವನ್ನು ಅದರಲ್ಲಿ ಬಿದ್ದ ಬೇಳೆಯ ಪಾಡಿನಿಂದ ಅರಿತವರು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಅನುಭವಸ್ಥ ರೀಲರು ಗೂಡನ್ನು ಕೈಯಲ್ಲಿ ಹಿಡಿದು, ಹುಳು ಹೇಗೆ ಸಾಕಲ್ಪಟ್ಟಿತೆಂಬುದನ್ನು ಊಹಿಸುವುದೂ ಇದೇ ನ್ಯಾಯ. ಹುಳು ಕಣ್ಣಿಗೆ ಕಾಣದಿದ್ದರೂ ಅದು ಬಿಟ್ಟ ಗೂಡು ಅದರ ಕಥೆಯನ್ನು ಹೇಳುತ್ತದೆ. ವಿಜ್ಞಾನಿಗಳು ಮಾಡಿರುವುದೂ ಇದನ್ನೇ. ನೀರು ಹೋಗಿದೆ, ಆದರೆ ಆ ನೀರಿನಲ್ಲಿ ಬಾಳಿದ ಜೀವಿಗಳ ಚಿಪ್ಪುಗಳು ತಳದ ಕೆಸರಿನಲ್ಲಿ ಉಳಿದಿವೆ.

ದೊಡ್ಡ ಪ್ರಾಣಿಗಳ ಎಲುಬು ಸಾಲದೆ ಎಂದು ತಾವು ಕೇಳಬಹುದು. ಅಮೆರಿಕದ ವರ್ಮಾಂಟ್ ಸಂಸ್ಥಾನದ ಷಾರ್ಲೆಟ್ ಎಂಬ ಊರಿನಲ್ಲಿ 1849ರಲ್ಲಿ ರೈಲುದಾರಿಗಾಗಿ ನೆಲ ಅಗೆಯುತ್ತಿದ್ದ ಕೂಲಿಯವರಿಗೆ ಒಂದು ತಿಮಿಂಗಿಲದ ಅಸ್ಥಿಪಂಜರ ಸಿಕ್ಕಿತು. ಸಮುದ್ರವು ಅಲ್ಲಿಂದ ಇನ್ನೂರಕ್ಕೂ ಹೆಚ್ಚು ಕಿಲೋಮೀಟರು ದೂರ! ಹಿಮಗಡ್ಡೆಯ ಭಾರಕ್ಕೆ ಕುಸಿದಿದ್ದ ಆ ನೆಲದೊಳಕ್ಕೆ ಸುಮಾರು 13,000 ವರ್ಷಗಳ ಹಿಂದೆ ಅಟ್ಲಾಂಟಿಕ್ ಸಾಗರ ನುಗ್ಗಿ ಬಂದಿತ್ತು. ಅದನ್ನು ಇಂದು ಷಾಂಪ್ಲೇನ್ ಸಮುದ್ರವೆನ್ನುತ್ತಾರೆ. ಅಲ್ಲಿ ಕಡಲು ಇತ್ತೆಂಬುದನ್ನು ತಿಮಿಂಗಿಲ ಹೇಳಿತು. ಆದರೆ ಅದು ಯಾವಾಗ ಬಂತು, ಎಷ್ಟು ಉಪ್ಪಾಗಿತ್ತು, ಯಾವಾಗ ಸಿಹಿಯಾಯಿತು ಎಂಬುದನ್ನು ಒಂದು ಅಸ್ಥಿಪಂಜರ ಹೇಳಲಾರದು. ಅದಕ್ಕೆ ಪದರ ಪದರದಲ್ಲಿಯೂ, ಚಿಟಿಕೆ ಚಿಟಿಕೆಯಲ್ಲಿಯೂ ಸಾವಿರಗಟ್ಟಲೆ ಸಾಕ್ಷಿಗಳು ಬೇಕು. ಅಂಥ ಸಾಕ್ಷಿಗಳು ಮುಖ್ಯವಾಗಿ ಮೂರು ಕುಲದವು.

ಮೊದಲನೆಯದು ಡಯಾಟಮ್. ಇದು ಒಂದೇ ಕೋಶದ ಪಾಚಿ. ಮಿಲಿಮೀಟರಿನ ನೂರನೆಯ ಒಂದೆರಡು ಭಾಗದಷ್ಟು ಗಾತ್ರವಿರುವುದು ಸಾಮಾನ್ಯ. ಇದರ ಕವಚವು ಗಾಜಿನ ಮೂಲದ್ರವ್ಯವಾದ ಸಿಲಿಕದಿಂದಾದುದು. ಚನ್ನಪಟ್ಟಣದ ಕುಶಲಕರ್ಮಿಗಳು ಕಡೆದು ಅರಗಿನ ಬಣ್ಣ ಹಚ್ಚುವ ಕುಂಕುಮದ ಭರಣಿಯನ್ನು ನೆನೆದುಕೊಳ್ಳಿ: ಕೆಳಗೊಂದು ಬಟ್ಟಲು, ಮೇಲೊಂದು ಮುಚ್ಚಳ. ಡಯಾಟಮಿನ ಮನೆ ಹಾಗೆಯೇ ಇದೆ. ಮೈತುಂಬ ಸಾಲುಸಾಲಾದ ಸೂಕ್ಷ್ಮ ರಂಧ್ರಗಳ ಚಿತ್ತಾರ ಬೇರೆ. ಎರಡನೆಯದು ಫೊರಾಮಿನಿಫೆರ. ಇದೂ ಏಕಕೋಶಜೀವಿಯೇ, ಸಾಮಾನ್ಯವಾಗಿ ಸುಣ್ಣದ ಕೋಣೆಗಳನ್ನು ಒಂದಕ್ಕೊಂದು ಜೋಡಿಸುತ್ತ ಬೆಳೆಯುತ್ತದೆ. ಇದಕ್ಕೆ ಕಡಲೇ ಮನೆ. ಮೂರನೆಯದು ಆಸ್ಟ್ರಕೋಡ್, ಸಿಗಡಿಯ ದೂರದ ದಾಯಾದಿ. ಬಹುಪಾಲು ಮಿಲಿಮೀಟರಿನಷ್ಟೇ ಉದ್ದವಾದ ಇದು, ಅವರೆಕಾಳಿನ ಎರಡು ಹೋಳುಗಳಂತಿರುವ ಚಿಪ್ಪಿನೊಳಗೆ ಬಾಳುತ್ತದೆ.

ಈ ಜೀವಿಗಳು ನೀರಿನ ವಿಷಯದಲ್ಲಿ ಬಹಳ ಮಡಿ. ಕೆಲವು ಜಾತಿಗಳು ಸಿಹಿನೀರಲ್ಲದೆ ಬೇರೆಯಲ್ಲಿ ಬಾಳವು. ಕೆಲವಕ್ಕೆ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ಮಹಾಸಾಗರದ ನೀರೇ ಆಗಬೇಕು. ಇನ್ನು ಕೆಲವು ಈ ಎರಡರ ನಡುವಿನ ಸವುಳು ನೀರಿನವು. 1927ರಲ್ಲಿ ಕೋಲ್ಬೆ ಎಂಬ ವಿದ್ವಾಂಸರು ಡಯಾಟಮ್ ಜಾತಿಗಳನ್ನು ಅವು ಬಯಸುವ ಉಪ್ಪಿನ ಪ್ರಮಾಣಕ್ಕೆ ತಕ್ಕಂತೆ ವಿಂಗಡಿಸಿಕೊಟ್ಟರು. ಸೈಪ್ರಿಡೈಸ್ ಟೊರೋಸಾ ಎಂಬ ಆಸ್ಟ್ರಕೋಡಿನ ರೀತಿ ಇನ್ನೂ ಸ್ವಾರಸ್ಯವಾದುದು. ಅದು ಸಿಹಿಗೂ ಉಪ್ಪಿಗೂ ಹೊಂದಿಕೊಳ್ಳುವ ಜೀವಿ. ಆದರೆ ಉಪ್ಪು ತೀರ ಕಡಿಮೆಯಾದಾಗ ಅದರ ಚಿಪ್ಪಿನ ಮೇಲೆ ಗಂಟುಗಳು ಏಳುತ್ತವೆ. ಚಿಪ್ಪಿನ ಜರಡಿಯಂಥ ರಂಧ್ರಗಳು ಸಿಹಿನೀರಿನಲ್ಲಿ ಹೆಚ್ಚಾಗಿ ದುಂಡಗಿರುತ್ತವೆ; ಉಪ್ಪು ಏರಿದಂತೆ ಅಂಕುಡೊಂಕಾಗುತ್ತವೆ. ಒಂದು ಜಾತಿ ಇದ್ದುದು ಒಂದು ಸಾಕ್ಷಿಯಾದರೆ, ಇದ್ದ ಜಾತಿಯ ರೂಪ ಮತ್ತೊಂದು ಸಾಕ್ಷಿ.

ನಾನು ಕನ್ನಡ ಪಂಡಿತನಾದುದರಿಂದ ನನಗೆ ಇದು ಶಾಸನ ಓದುವ ಕೆಲಸದಂತೆಯೇ ತೋರುತ್ತದೆ. ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೆಯ ಸಂಪುಟದಲ್ಲಿ ಮಾಗಡಿ, ಚನ್ನಪಟ್ಟಣ, ಆಗ ಕಾನಕಾನಹಳ್ಳಿ ಎನಿಸಿಕೊಂಡಿದ್ದ ಕನಕಪುರ ಮೊದಲಾದ ನಮ್ಮ ಸೀಮೆಯ ಶಾಸನಗಳಿವೆ. ಕಾಲ ನಮೂದಿಸದ ಶಾಸನ ಸಿಕ್ಕಿದಾಗ ವಿದ್ವಾಂಸರು ಅಕ್ಷರದ ಆಕಾರವನ್ನು ನೋಡಿ ಶತಮಾನವನ್ನು ನಿರ್ಧರಿಸುತ್ತಾರೆ. ಒಂದೇ ಅಕ್ಷರವನ್ನು ನಂಬುವುದಿಲ್ಲ. ಸಾಲುಸಾಲು ಅಕ್ಷರಗಳನ್ನು ಕಾಲ ತಿಳಿದ ಶಾಸನಗಳೊಡನೆ ಹೋಲಿಸುತ್ತಾರೆ. ಕೆಸರಿನ ಪಂಡಿತರ ಕ್ರಮವೂ ಅದೇ. ತಳಕ್ಕೆ ಉದ್ದನೆಯ ಕೊಳವೆಯನ್ನು ಇಳಿಸಿ, ಕೆಸರಿನ ಕಂಬವನ್ನು ಅಲುಗದಂತೆ ಎತ್ತುತ್ತಾರೆ. ಮೇಲಿನದು ಇತ್ತೀಚಿನದು, ಕೆಳಗಿನದು ಹಳೆಯದು. ಅದನ್ನು ಹೋಳು ಮಾಡಿ, ಹೈಡ್ರೊಜನ್ ಪೆರಾಕ್ಸೈಡಿನಿಂದ ಜೈವಿಕ ಕಸವನ್ನು ಕಳೆದು, ಉಳಿದ ಡಯಾಟಮ್‌ಗಳನ್ನು ಗಾಜಿನ ಪಟ್ಟಿಗೆ ಹಚ್ಚಿ, ಸೂಕ್ಷ್ಮದರ್ಶಕದಡಿಯಲ್ಲಿ ಮುನ್ನೂರು ನಾನೂರು ಎಣಿಸುತ್ತಾರೆ. ಸುಣ್ಣದ ಚಿಪ್ಪುಗಳನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ತೊಳೆದು ಆರಿಸುತ್ತಾರೆ. ಇಂದಿನ ಕೆರೆ ಕಡಲುಗಳಲ್ಲಿ ಯಾವ ಉಪ್ಪಿಗೆ ಯಾವ ಜಾತಿಗಳ ಕೂಟವಿದೆ ಎಂಬ ಪಟ್ಟಿಯೊಡನೆ ಹೋಲಿಸಿ, ಅಂದಿನ ಉಪ್ಪನ್ನು ಲೆಕ್ಕ ಹಾಕುತ್ತಾರೆ.

ಈಗ ಬಾಲ್ಟಿಕ್ ಕಥೆಗೆ ಬರೋಣ. ಸುಮಾರು 20,000 ವರ್ಷಗಳ ಹಿಂದೆ ಆ ಪ್ರದೇಶವೆಲ್ಲ ಕಿಲೋಮೀಟರುಗಟ್ಟಲೆ ದಪ್ಪದ ಹಿಮದಡಿಯಲ್ಲಿತ್ತು. ಹಿಮ ಕರಗುತ್ತ ಹಿಂಜರಿದಾಗ ಅದರ ಅಂಚಿನಲ್ಲಿ ಕರಗಿದ ನೀರು ನಿಂತು ಮಹಾ ಕೆರೆಯಾಯಿತು. ಇದೇ ಬಾಲ್ಟಿಕ್ ಹಿಮಸರೋವರ. ಹಿಮದ ಗೋಡೆಯೇ ಅದಕ್ಕೆ ಏರಿ. ಸುಮಾರು 11,700 ವರ್ಷಗಳ ಹಿಂದೆ ಸ್ವೀಡನ್ನಿನ ಬಿಲ್ಲಿಂಗೆನ್ ಬೆಟ್ಟದ ಬಳಿ ಆ ಏರಿ ಒಡೆಯಿತು. ಒಂದೆರಡು ವರ್ಷಗಳಲ್ಲಿಯೇ ಅಷ್ಟು ವಿಶಾಲವಾದ ಕೆರೆಯ ಮಟ್ಟ ಸುಮಾರು 25 ಮೀಟರು ಇಳಿದುಹೋಯಿತು. ಕೆರೆಯ ಏರಿ ಒಡೆದ ರಾತ್ರಿಯನ್ನು ಕಂಡವರು ಈ ಲೆಕ್ಕವನ್ನು ಓದಿ ಒಂದು ಕ್ಷಣ ನಿಲ್ಲದಿರಲಾರರು.

ನೀರು ಸಾಗರದ ಮಟ್ಟಕ್ಕೆ ಇಳಿದ ಮೇಲೆ, ಮಧ್ಯ ಸ್ವೀಡನ್ನಿನ ತಗ್ಗಿನ ಮೂಲಕ ಸಾಗರದ ಉಪ್ಪುನೀರು ಒಳಕ್ಕೆ ಬಂತು. ಈ ಘಟ್ಟಕ್ಕೆ ಯೋಲ್ಡಿಯ ಎಂಬ ಚಿಪ್ಪಿನ ಹೆಸರಿನಿಂದ ಯೋಲ್ಡಿಯ ಸಮುದ್ರವೆಂದು ಹೆಸರು. ಆದರೆ ಹಿಮದ ಭಾರ ಇಳಿದ ನೆಲ ಮೆಲ್ಲನೆ ಮೇಲೇಳುತ್ತಿತ್ತು. ನೆಲ ಎದ್ದು ಬಾಗಿಲು ಮುಚ್ಚಿತು. ಸುಮಾರು 10,700 ವರ್ಷಗಳ ಹಿಂದೆ ಕಡಲು ತಿರುಗಿ ಸಿಹಿನೀರಿನ ಕೆರೆಯಾಯಿತು. ಆನ್ಸಿಲಸ್ ಎಂಬ ಸಿಹಿನೀರಿನ ಬಸವನಹುಳುವಿನಿಂದ ಅದಕ್ಕೆ ಆನ್ಸಿಲಸ್ ಸರೋವರವೆಂದು ಹೆಸರಾಯಿತು. ಮುಂದೆ ಜಗತ್ತಿನ ಹಿಮ ಕರಗಿ ಸಾಗರಗಳ ಮಟ್ಟ ಏರಿದಾಗ, ಡೆನ್ಮಾರ್ಕಿನ ಬಳಿಯ ಜಲಸಂಧಿಗಳ ಮೂಲಕ ಉಪ್ಪುನೀರು ಮತ್ತೆ ಒಳಸೇರಿತು. ಸುಮಾರು 8,500 ವರ್ಷಗಳ ಹಿಂದೆ ನೆಲೆಗೊಂಡ ಈ ಕಡಲಿಗೆ ಲಿಟ್ಟೊರಿನ ಸಮುದ್ರವೆಂದು ಹೆಸರು. ಇಂದಿನ ಬಾಲ್ಟಿಕ್ ಅದರ ಉತ್ತರಾಧಿಕಾರಿ. ಅದರ ನಡುಭಾಗದ ಮೇಲ್ಪದರದಲ್ಲಿ ಲೀಟರಿಗೆ 7–8 ಗ್ರಾಂ ಉಪ್ಪು. ಉತ್ತರದ ತುದಿಯಲ್ಲಿ ಅದಕ್ಕೂ ಕಡಿಮೆ. ಅಲ್ಲಿ ನೆಲ ಇಂದಿಗೂ ವರ್ಷಕ್ಕೆ 8–9 ಮಿಲಿಮೀಟರಿನಂತೆ ಏಳುತ್ತಲೇ ಇದೆ. ಉಷ್ಣಮಾಪಕದಿಂದ ನಮಗೆಲ್ಲ ಪರಿಚಿತರಾದ ಸೆಲ್ಸಿಯಸ್ ಅವರು 1731ರಲ್ಲಿಯೇ ಅಲ್ಲಿನ ಒಂದು ಬಂಡೆಯ ಮೇಲೆ ನೀರಿನ ಮಟ್ಟವನ್ನು ಗುರುತು ಕೆತ್ತಿಸಿ ಇದಕ್ಕೆ ಸಾಕ್ಷಿ ಮಾಡಿಟ್ಟರು.

ಕೆಸರಿನ ಕಂಬದಲ್ಲಿ ಈ ಕಥೆ ಹಾಳೆ ಮಗುಚಿದಂತೆ ಕಾಣುತ್ತದೆ. ಆನ್ಸಿಲಸ್ ಕಾಲದ ಪದರಗಳಲ್ಲಿ ಅವ್ಲಕೋಸೈರ ಐಲ್ಯಾಂಡಿಕ ಮುಂತಾದ ಸಿಹಿನೀರಿನ ಡಯಾಟಮ್‌ಗಳು. ಅವುಗಳ ಮೇಲೆ ಲಿಟ್ಟೊರಿನ ಕಾಲದಲ್ಲಿ ತಲಸಿಯೊನೀಮ ಮೊದಲಾದ ಕಡಲಿನವು. ಕಾಲವನ್ನು ಎಣಿಸುವುದಕ್ಕೂ ಆ ನೆಲದಲ್ಲಿ ಒಂದು ಅನುಕೂಲವಿತ್ತು. ಹಿಮದ ಅಂಚಿನ ಕೆರೆಯಲ್ಲಿ ಬೇಸಗೆಗೊಂದು ತಿಳಿಬಣ್ಣದ ಪದರ, ಚಳಿಗಾಲಕ್ಕೊಂದು ಕಪ್ಪು ಪದರ ಕೂರುತ್ತಿತ್ತು. ಈ ಜೋಡಿಗಳನ್ನು ಒಂದೊಂದಾಗಿ ಎಣಿಸಿ, ಗೆರಾರ್ಡ್ ಡಿ ಯೇರ್ ಎಂಬ ವಿದ್ವಾಂಸರು 1910ರಲ್ಲಿ ಸ್ಟಾಕ್‌ಹೋಮಿನ ಅಂತರರಾಷ್ಟ್ರೀಯ ಭೂವಿಜ್ಞಾನ ಸಮ್ಮೇಳನದಲ್ಲಿ 12,000 ವರ್ಷಗಳ ಕಾಲಗಣನೆಯನ್ನು ಮಂಡಿಸಿದರು. ನಮ್ಮ ಸಂವತ್ಸರಚಕ್ರದ ಅರವತ್ತು ಹೆಸರುಗಳನ್ನು ಇನ್ನೂರು ಸಲ ಸುತ್ತಿದಷ್ಟು ಎಣಿಕೆ ಅದು!

ಸಾಕ್ಷಿ ಎಷ್ಟೇ ಇದ್ದರೂ ವಿಚಾರಣೆ ಬೇಡವೆ? ಶಾಸನಗಳಲ್ಲಿ ಕೂಟಶಾಸನಗಳುಂಟು. ಗಂಗರ ಹಲವು ತಾಮ್ರಪಟಗಳು ಕೃತಕವೆಂದು ಫ್ಲೀಟ್ ಅವರು ವಾದಿಸಿದ್ದು ಪ್ರಸಿದ್ಧವೇ ಆಗಿದೆ. ಹಾಳುಬಿದ್ದ ಗುಡಿಯ ಶಾಸನದ ಕಲ್ಲನ್ನು ತಂದು ಕೆರೆಯ ತೂಬಿಗೆ ಕಟ್ಟಿರುವುದೂ ಉಂಟು. ಆ ಶಾಸನ ಆ ಕೆರೆಯದೆಂದು ತಿಳಿದರೆ ಮೋಸ ಹೋದಂತೆಯೇ. ಕೆಸರಿನಲ್ಲಿಯೂ ಹಾಗೆಯೇ. ಹಳೆಯ ಕಡಲಿನ ಪದರವನ್ನು ನದಿಯು ಕೊರೆದು, ಅದರ ಚಿಪ್ಪುಗಳನ್ನು ಹೊಸ ಕೆರೆಯ ತಳಕ್ಕೆ ತಂದು ಸುರಿಯಬಹುದು. ಆದ್ದರಿಂದ ಚಿಪ್ಪು ಮುರಿದಿದೆಯೆ, ಸವೆದಿದೆಯೆ, ಮರಿಗಳೂ ದೊಡ್ಡವೂ ಕೂಡಿ ಇವೆಯೆ ಎಂದು ನೋಡುತ್ತಾರೆ. ಯೋಲ್ಡಿಯ ಸಮುದ್ರದ ವಿಷಯದಲ್ಲಿ ಇಂಥ ಎಚ್ಚರದ ಫಲವನ್ನು ಕಾಣಬಹುದು. ಸಮುದ್ರವೆಂದು ಹೆಸರು ಪಡೆದ ಆ ಘಟ್ಟದ ಸಾವಿರ ವರ್ಷಗಳಲ್ಲಿ ನೀರು ನಿಜವಾಗಿ ಸವುಳಾಗಿದ್ದುದು ಒಂದೆರಡು ಶತಮಾನ ಮಾತ್ರವೆಂದು ಈ ಸಣ್ಣ ಚಿಪ್ಪುಗಳೇ ತಿದ್ದಿ ಹೇಳಿದವು.

ಕೆಲವೊಮ್ಮೆ ಪಂಡಿತರಲ್ಲಿಯೇ ಒಮ್ಮತವಿರುವುದಿಲ್ಲ. ಹಿಮಯುಗದಲ್ಲಿ ಕಪ್ಪುಸಮುದ್ರವೂ ಬಹುಮಟ್ಟಿಗೆ ಸಿಹಿನೀರಿನ ಕೆರೆಯಾಗಿತ್ತು. ಮೆಡಿಟರೇನಿಯನ್ ಸಮುದ್ರವು ಏಳೆಂಟು ಸಾವಿರ ವರ್ಷಗಳ ಹಿಂದೆ ಬಾಸ್ಫರಸ್ ಜಲಸಂಧಿಯಿಂದ ಒಮ್ಮೆಗೇ ಧುಮ್ಮಿಕ್ಕಿ ಅದನ್ನು ಉಪ್ಪಾಗಿಸಿತೆಂದು ರಯನ್ ಮತ್ತು ಪಿಟ್ಮನ್ ಎಂಬುವರು 1997ರಲ್ಲಿ ವಾದಿಸಿದರು. ಬೈಬಲಿನ ನೋಹನ ಪ್ರಳಯಕ್ಕೆ ಇದೇ ಮೂಲವೆಂದೂ ಹೇಳಿದರು. ಅದು ಮೆಲ್ಲಮೆಲ್ಲನೆ ಉಪ್ಪಾಯಿತೆಂದು ಸೂಕ್ಷ್ಮಜೀವಿಗಳ ಅವಶೇಷಗಳನ್ನೇ ಮುಂದಿಟ್ಟು ಬೇರೆಯವರು ಎದುರುನಿಂತರು. ಒಂದೇ ಶಾಸನಕ್ಕೆ ಎರಡು ಪಾಠ! ಪ್ರಳಯದ ಕಥೆ ಎಷ್ಟು ಸೊಗಸಾಗಿದ್ದರೂ, ಚಿಪ್ಪಿನ ಲೆಕ್ಕ ಒಪ್ಪದೆ ಅದನ್ನು ಚರಿತ್ರೆಯೆಂದು ಸ್ವೀಕರಿಸಲಾಗದು.

ಇಷ್ಟು ದೂರದ ಮಾತು ನಮಗೇಕೆ ಎಂದು ರಾಮನಗರ, ಮಾಗಡಿಗಳ ಓದುಗರು ಕೇಳಿದರೆ ಅದು ನ್ಯಾಯವೇ. ನಮ್ಮ ರಾಮದೇವರ ಬೆಟ್ಟ, ಸಾವನದುರ್ಗಗಳಲ್ಲಿ ಚಿಪ್ಪನ್ನು ಹುಡುಕಿ ಫಲವಿಲ್ಲ. ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯ ಹೆಸರನ್ನೇ ಹೊತ್ತಿರುವ ಈ ಗ್ರಾನೈಟು ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಗರ್ಭದಲ್ಲಿ ಕರಗಿದ ಶಿಲೆ ಹೆಪ್ಪುಗಟ್ಟಿ ಆದುದು. ಬೆಂಕಿಯಲ್ಲಿ ಹುಟ್ಟಿದ ಕಲ್ಲು ಜೀವಿಗಳ ಕಥೆ ಹೇಳದು. ಆದರೆ ಆ ಬಂಡೆಗಳ ಮೇಲೆ ಬಿದ್ದ ಮಳೆ ಎಲ್ಲಿಗೆ ಹೋಗುತ್ತದೆ? ಮಂಚನಬೆಲೆ, ರಾಮನಗರ, ಕನಕಪುರಗಳನ್ನು ಹಾದ ಅರ್ಕಾವತಿ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಚನ್ನಪಟ್ಟಣದ ಕಣ್ವವು ಶಿಂಷೆಯ ಮೂಲಕ ಅದೇ ಕಾವೇರಿಗೆ. ಕಾವೇರಿಯೋ ಬಂಗಾಳ ಕೊಲ್ಲಿಗೆ. ನಮ್ಮ ಮಳೆಯ ಲೆಕ್ಕದ ಪುಸ್ತಕ ಬೆಟ್ಟದಲ್ಲಿಲ್ಲ, ಕಡಲಿನ ತಳದಲ್ಲಿದೆ.

ಗಂಗೆ, ಬ್ರಹ್ಮಪುತ್ರೆ, ಗೋದಾವರಿ, ಕೃಷ್ಣೆ, ಕಾವೇರಿಗಳು ತರುವ ನೀರಿನಿಂದ ಬಂಗಾಳ ಕೊಲ್ಲಿಯ ಮೇಲ್ಪದರ ಅರಬ್ಬೀ ಸಮುದ್ರಕ್ಕಿಂತ ಸಪ್ಪೆಯಾಗಿರುತ್ತದೆ. ಫ್ರಾನ್ಸಿನ ದ್ಯುಪ್ಲೆಸಿ ಎಂಬ ವಿಜ್ಞಾನಿ ಈ ಕಡಲುಗಳ ಕೆಸರಿನಲ್ಲಿದ್ದ ಫೊರಾಮಿನಿಫೆರ ಚಿಪ್ಪುಗಳ ಆಮ್ಲಜನಕವನ್ನು ತೂಗಿ ನೋಡಿದರು. ಆಮ್ಲಜನಕದಲ್ಲಿ ಹಗುರವಾದುದೂ ಭಾರವಾದುದೂ ಉಂಟು. ನೀರು ಆವಿಯಾಗುವಾಗ ಹಗುರವಾದುದು ಮುಂದೆ ಹೋಗುತ್ತದೆ, ಭಾರವಾದುದು ಹಿಂದುಳಿಯುತ್ತದೆ. ಮಳೆಯಾಗಿ, ಹೊಳೆಯಾಗಿ ಬರುವುದು ಹಗುರವಾದುದೇ. ಹೊಳೆಯ ನೀರು ಕಡಿಮೆಯಾದರೆ ಕಡಲು ಉಪ್ಪಾಗಿ, ಚಿಪ್ಪಿನಲ್ಲಿ ಭಾರದ ಪಾಲು ಹೆಚ್ಚುತ್ತದೆ. 1982ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದ ಸಾರ ಇಷ್ಟು: ಹಿಮಯುಗದ ಉತ್ಕಟ ಕಾಲದಲ್ಲಿ ಬಂಗಾಳ ಕೊಲ್ಲಿ ಇಂದಿಗಿಂತ ಉಪ್ಪಾಗಿತ್ತು, ಅಂದರೆ ನೈಋತ್ಯ ಮಾರುತದ ಮಳೆ ಕ್ಷೀಣವಾಗಿತ್ತು. ಬಾಲ್ಟಿಕ್ ಮೇಲೆ ಹಿಮ ಕವಿದಿದ್ದಾಗ ನಮ್ಮ ಮುಂಗಾರು ಸೊರಗಿತ್ತು. ಎರಡು ಕಥೆಗಳಲ್ಲ ಇವು. ಒಂದೇ ಕಥೆಯ ಎರಡು ಅಧ್ಯಾಯಗಳು.

ಕರ್ನಾಟಕದ್ದೇ ಆದ ಮತ್ತೊಂದು ಉದಾಹರಣೆಯಿದೆ. ಕಾರವಾರದಲ್ಲಿ ಕಾಳಿ ನದಿ ಕಡಲು ಸೇರುವ ಆಚೆಯ ಕೆಸರನ್ನು ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ರಾಜೀವ್ ನಿಗಮ್ ಮತ್ತು ಸಂಗಡಿಗರು ಪರೀಕ್ಷಿಸಿದರು. ಮಳೆ ಚೆನ್ನಾದ ವರ್ಷ ಕಾಳಿಯ ನೀರು ಕಡಲನ್ನು ಸಪ್ಪೆ ಮಾಡುತ್ತದೆ. ಅದಕ್ಕೆ ತಕ್ಕಂತೆ ಒಂದು ಜಾತಿಯ ಫೊರಾಮಿನಿಫೆರದ ಮೊದಲ ಕೋಣೆಯ ಗಾತ್ರ ಬದಲಾಗುತ್ತದೆ. ಕೆಲವು ಶತಮಾನಗಳ ಈ ಅಳತೆಯಿಂದ ಸುಮಾರು 77 ವರ್ಷಗಳಿಗೊಮ್ಮೆ ಮರುಕಳಿಸುವ ಬರಗಾಲದ ಚಕ್ರವೊಂದನ್ನು ಅವರು 1995ರಲ್ಲಿ ಸೂಚಿಸಿದರು.

ಇದು ಬರಿಯ ಕುತೂಹಲದ ಮಾತಲ್ಲ. 1876–78ರ ಮಹಾಕ್ಷಾಮವನ್ನು ನೆನೆಯಿರಿ. 1871ರ ಜನಗಣತಿಯಲ್ಲಿ 50 ಲಕ್ಷ ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕೆಳಗಿಳಿದಿತ್ತು. ಭಾರತದ ಹವಾಮಾನ ಇಲಾಖೆ ಹುಟ್ಟಿದ್ದು ಆ ಕ್ಷಾಮದ ಹಿಂದಿನ ವರ್ಷ, 1875ರಲ್ಲಿ. ಅದಕ್ಕಿಂತ ಹಿಂದಿನ ಮಳೆಗೆ ಇಡೀ ದೇಶದ ಮಾಪನದ ಲೆಕ್ಕವಿಲ್ಲ. ಎಷ್ಟು ವರ್ಷಗಳಿಗೊಮ್ಮೆ ಮಳೆ ಕೈಕೊಡುತ್ತದೆ, ಕೈಕೊಟ್ಟರೆ ಎಷ್ಟು ದಿನ ಎಂಬುದನ್ನು ಅರಿಯಲು ಇಂಥ ಮೂಕಸಾಕ್ಷಿಗಳ ನೆರವು ಬೇಕೇ ಬೇಕು.

ಸಿಹಿನೀರಿನ ಹೊಳೆ ನಿಂತರೆ ಏನಾಗುವುದೆಂಬುದಕ್ಕೆ ಹಿಮಯುಗದವರೆಗೆ ಹೋಗಬೇಕಾಗಿಯೂ ಇಲ್ಲ. ಮಧ್ಯ ಏಷ್ಯದ ಆರಲ್ ಸಮುದ್ರಕ್ಕೆ ನೀರೂಡುತ್ತಿದ್ದ ಎರಡು ನದಿಗಳನ್ನು 1960ರಿಂದೀಚೆಗೆ ಹತ್ತಿಯ ಹೊಲಗಳಿಗೆ ತಿರುಗಿಸಿದ್ದರಿಂದ, ಲೀಟರಿಗೆ ಸುಮಾರು 10 ಗ್ರಾಂ ಇದ್ದ ಉಪ್ಪು ದಕ್ಷಿಣ ಭಾಗದಲ್ಲಿ 100 ಗ್ರಾಮನ್ನು ಮೀರಿತು. ಮೀನುಗಾರರ ದೋಣಿಗಳು ಮರಳಿನ ಮೇಲೆ ಉಳಿದವು. ಪ್ರಕೃತಿ ಶತಮಾನಗಟ್ಟಲೆ ಮಾಡಿದ್ದನ್ನು ಮನುಷ್ಯ ಒಂದು ತಲೆಮಾರಿನಲ್ಲಿ ಮಾಡಿ ಮುಗಿಸಿದನು.

ಕಡೆಯದಾಗಿ ನಮ್ಮ ಕೆರೆಗಳ ಮಾತು. ನಮ್ಮ ಸಿಹಿನೀರಿನ ಡಯಾಟಮ್‌ಗಳನ್ನು ಎಚ್. ಪಿ. ಗಾಂಧಿ ಎಂಬ ವಿದ್ವಾಂಸರು ಬಹಳ ಹಿಂದೆಯೇ ಪಟ್ಟಿ ಮಾಡತೊಡಗಿದರು. ಸಾಗರದ ಡಯಾಟಮ್‌ಗಳನ್ನು ಕುರಿತ ಅವರ ಲೇಖನ 1959ರಲ್ಲಿ, ಜೋಗದವನ್ನು ಕುರಿತದ್ದು 1966ರಲ್ಲಿ ಹೊರಬಂದವು. ಈ ಜೀವಿಗಳು ಉಪ್ಪನ್ನು ಮಾತ್ರವಲ್ಲ, ಕೊಳಚೆಯನ್ನೂ ಗುರುತಿಸುತ್ತವೆ. ನೀರು ಕೆಟ್ಟಾಗ ನಾಜೂಕಿನ ಜಾತಿಗಳು ಮಾಯವಾಗಿ, ನಿಟ್ಷಿಯ ಪೇಲಿಯದಂಥ ಕೊಳಚೆ ತಾಳುವ ಜಾತಿಗಳು ಹೆಚ್ಚುತ್ತವೆ. ಬೆಂಗಳೂರಿನ ಕೊಳೆಯನ್ನು ಹೊತ್ತ ವೃಷಭಾವತಿ ಬಿಡದಿಯ ಬಳಿ ಬೈರಮಂಗಲದ ಕೆರೆಗೆ ಬಂದು, ಮುಂದೆ ಅರ್ಕಾವತಿಯನ್ನು ಸೇರುತ್ತದೆ. ಅಂಥ ನೀರಿನ ತಳದಲ್ಲಿ ಪ್ರತಿದಿನವೂ ಗಾಜಿನ ಭರಣಿಗಳು ಒಂದೊಂದಾಗಿ ಕೂರುತ್ತಿವೆ.

ಕೆರೆ ಕಟ್ಟಿಸಿದವರು ತಮ್ಮ ಪುಣ್ಯಕಾರ್ಯವನ್ನು ಕಲ್ಲಿನಲ್ಲಿ ಬರೆಸಿ, ಅದನ್ನು ಕೆಡಿಸಿದವರಿಗೆ ಶಾಪವನ್ನೂ ಬರೆಸುತ್ತಿದ್ದರು. ನಾವು ಕೆರೆಗೆ ಮಾಡುತ್ತಿರುವುದನ್ನು ಯಾವ ಕಲ್ಲಿನಲ್ಲಿಯೂ ಬರೆಸುವುದಿಲ್ಲ. ಆದರೆ ಅದರ ದಾಖಲೆ ಉಳಿಯುವುದಿಲ್ಲವೆಂದು ತಿಳಿಯಬೇಡಿ. ಮುಂದೆ ಯಾರೋ ಒಬ್ಬರು ಕೊಳವೆ ಇಳಿಸಿ, ನಮ್ಮ ಕಾಲದ ಪದರವನ್ನು ಎತ್ತಿ, ಎಣಿಸಿ ಓದಿಯೇ ಓದುತ್ತಾರೆ.